ಕಾನ್ಪುರದ ಗುಜರಿಯಿಂದ ಎದ್ದ ಲಿಬರೇಟರ್

1989ರ ಸೆಪ್ಟೆಂಬರ್ 10ರಂದು ಅಮೆರಿಕದಲ್ಲಿ ಹಳೆಯ ಬಾಂಬರ್ ವಿಮಾನವೊಂದು ರಿಪೇರಿ ಮುಗಿಸಿಕೊಂಡು ಮತ್ತೆ ಆಕಾಶಕ್ಕೇರಿತು. ಬಿ-24 ಲಿಬರೇಟರ್, ಕ್ರಮಸಂಖ್ಯೆ 44-44052. ಅದಕ್ಕೆ ಹೊಸ ಮಾಲೀಕರು ಇಟ್ಟ ಹೆಸರು 'ಆಲ್ ಅಮೆರಿಕನ್'. ಎರಡನೇ ಮಹಾಯುದ್ಧದಲ್ಲಿ ಹೋರಾಡಿದ ಅಮೆರಿಕನ್ ಮುದುಕರು ಅದನ್ನು ಮುಟ್ಟಿ ನೋಡಿ ಕಣ್ಣೀರು ಹಾಕಿದರು. ಆ ಕಣ್ಣೀರು ನಿಜವಾದದ್ದೇ, ಅದರ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಹೆಸರಿನ ಬಗ್ಗೆ. ಈ ವಿಮಾನ ಅಮೆರಿಕನ್ ಸೇನೆಯ ಪರವಾಗಿ ಒಂದೇ ಒಂದು ಯುದ್ಧಹಾರಾಟವನ್ನೂ ಮಾಡಿಲ್ಲ. ಅದರ ಸೇನಾ ಸೇವೆಯ ಬಹುಪಾಲು ಕಳೆದದ್ದು ಭಾರತದಲ್ಲಿ. ಅದೂ ಒಮ್ಮೆ ಸತ್ತು, ಬೆಂಗಳೂರಿನವರ ಕೈಯಲ್ಲಿ ಮತ್ತೆ ಹುಟ್ಟಿದ ಮೇಲೆ.

ಹಳೆಯ ಕಾರು ಕೊಳ್ಳುವಾಗ ನಾವು ಆರ್‌ಸಿ ಪುಸ್ತಕ ತಿರುವಿ ಎಷ್ಟನೇ ಓನರ್ ಎಂದು ನೋಡುತ್ತೇವಲ್ಲ, ಹಾಗೆ ಈ ವಿಮಾನದ ಪುಸ್ತಕವನ್ನೂ ತಿರುವಿ ನೋಡಬಹುದು. 1944ರ ಆಗಸ್ಟ್‌ನಲ್ಲಿ ಟೆಕ್ಸಸ್ ರಾಜ್ಯದ ಫೋರ್ಟ್ ವರ್ತ್‌ನಲ್ಲಿದ್ದ ಕನ್ಸಾಲಿಡೇಟೆಡ್ ಕಂಪನಿಯ ಕಾರ್ಖಾನೆಯಲ್ಲಿ ಅದು ತಯಾರಾಯಿತು. ಮೊದಲ ಮಾಲೀಕ ಅಮೆರಿಕದ ವಾಯುಸೇನೆ. ಆ ಸಂಬಂಧ ಎರಡು ತಿಂಗಳೂ ಗಟ್ಟಿಯಾಗಿ ಬಾಳಲಿಲ್ಲ. ಅಕ್ಟೋಬರ್‌ನಲ್ಲೇ ವಿಮಾನ ಬ್ರಿಟನ್ನಿನ ರಾಯಲ್ ಏರ್‌ಫೋರ್ಸಿಗೆ ಹೋಗಿ ಕೆಎಚ್ 191 ಎಂಬ ಹೊಸ ಸಂಖ್ಯೆ ಪಡೆಯಿತು. ಪೂರ್ವದ ರಣರಂಗಕ್ಕೆ ಬಂದು ಬಾಂಬು ಹಾಕಿತು, ಹಡಗುಗಳ ಮೇಲೆ ದಾಳಿ ಮಾಡಿತು, ಕಾಡಿನೊಳಗೆ ಹೋರಾಡುತ್ತಿದ್ದವರಿಗೆ ಸಾಮಾನು ಇಳಿಸಿತು.

ಲಿಬರೇಟರ್ ಎಂದರೆ ನೋಡಲು ಅಂಥ ಚಂದದ ವಿಮಾನವೇನಲ್ಲ. ಬಿ-17ರ ಪಕ್ಕ ನಿಲ್ಲಿಸಿದರೆ ರೆಕ್ಕೆ ಅಂಟಿಸಿದ ಗೂಡ್ಸ್ ಡಬ್ಬಿಯ ಹಾಗೆ ಕಾಣುತ್ತದೆ. ಸುಮಾರು 67 ಅಡಿ ಉದ್ದದ ಚಪ್ಪಟೆ ಹೊಟ್ಟೆ, 110 ಅಡಿ ಅಗಲದ ಸಪೂರ ರೆಕ್ಕೆ, ಹಿಂದೆ ಎರಡು ದೊಡ್ಡ ಕಿವಿಗಳಂಥ ಬಾಲ. ಬಾಂಬಿನ ಬಾಗಿಲು ಹೊರಕ್ಕೆ ತೆರೆಯುವುದಿಲ್ಲ, ಅಂಗಡಿಯ ರೋಲಿಂಗ್ ಶಟರಿನಂತೆ ಪಕ್ಕೆಗೆ ಸುತ್ತಿಕೊಂಡು ಮೇಲೆ ಸರಿಯುತ್ತದೆ. ಆದರೆ ಆ ಸಪೂರ ರೆಕ್ಕೆಯ ಗುಣವೇ ಬೇರೆ. ಡೇವಿಡ್ ಡೇವಿಸ್ ಎಂಬಾತ ರೂಪಿಸಿದ್ದ ಆ ಆಕಾರ ಕಡಿಮೆ ಇಂಧನದಲ್ಲಿ ಬಹುದೂರ ಒಯ್ಯುತ್ತಿತ್ತು. ಅಟ್ಲಾಂಟಿಕ್ ಸಾಗರದ ನಟ್ಟನಡುವೆ, ಬೇರೆ ವಿಮಾನಗಳು ತಲುಪಲಾಗದ ಜಾಗದಲ್ಲಿ, ಜರ್ಮನ್ ಜಲಾಂತರ್ಗಾಮಿಗಳನ್ನು ಹುಡುಕಿ ಹೊಡೆದದ್ದು ಇದೇ. ಬಂಗಾಳ, ಸಿಲೋನ್ ಮತ್ತು ಕೋಕೋಸ್ ದ್ವೀಪಗಳಿಂದ ಹೊರಟು ಬರ್ಮಾ, ಸಯಾಂ, ಮಲಯದವರೆಗೆ ಹೋಗಿ ಬರಲು ಬ್ರಿಟಿಷರಿಗೆ ಬೇಕಾಗಿದ್ದದ್ದೂ ಇದೇ ದೂರದ ಉಸಿರು. ಯುದ್ಧ ಮುಗಿಯುವಷ್ಟರಲ್ಲಿ 18,000ಕ್ಕೂ ಹೆಚ್ಚು ಲಿಬರೇಟರುಗಳು ತಯಾರಾಗಿದ್ದವು. ಫೋರ್ಡ್ ಕಂಪನಿಯ ವಿಲ್ಲೋ ರನ್ ಕಾರ್ಖಾನೆಯಿಂದ ಒಂದು ಹಂತದಲ್ಲಿ ಗಂಟೆಗೊಂದರಂತೆ ಹೊರಬರುತ್ತಿದ್ದವು.

ಗಂಟೆಗೊಂದು ಮಾಡುವಾಗ ಯಾರಿಗೂ ತೋಚದ ಪ್ರಶ್ನೆ ಯುದ್ಧ ಮುಗಿದ ಮರುದಿನ ಎದುರಾಯಿತು. ಇಷ್ಟನ್ನೂ ಏನು ಮಾಡುವುದು? ಬ್ರಿಟಿಷರ ಕೈಯಲ್ಲಿದ್ದ ಲಿಬರೇಟರುಗಳು ಅವರು ಕೊಂಡವಲ್ಲ. ಲೆಂಡ್-ಲೀಸ್ ಎಂಬ ಒಪ್ಪಂದದಲ್ಲಿ ಅಮೆರಿಕ ಕಡ ಕೊಟ್ಟಿದ್ದವು. ಯುದ್ಧ ಮುಗಿದ ಮೇಲೆ ಇಟ್ಟುಕೊಂಡರೆ ದುಡ್ಡು ಕೊಡಬೇಕು, ಇಲ್ಲವೇ ಹಿಂತಿರುಗಿಸಬೇಕು, ಅದೂ ಇಲ್ಲದಿದ್ದರೆ ಮತ್ತೆ ಬಳಸಲಾಗದಂತೆ ನಾಶ ಮಾಡಬೇಕು. ಬ್ರಿಟನ್ನಿನ ಬಳಿ ದುಡ್ಡಿರಲಿಲ್ಲ. ಅಮೆರಿಕಕ್ಕೆ ವಿಮಾನ ಬೇಕಿರಲಿಲ್ಲ. ಉಳಿದದ್ದು ಮೂರನೇ ದಾರಿ. ಭಾರತದಲ್ಲಿದ್ದ ಲಿಬರೇಟರುಗಳನ್ನು ಕಾನ್ಪುರದ ಚಕೇರಿಗೆ ತಂದು ಸಾಲಾಗಿ ನಿಲ್ಲಿಸಿ ಕೆಡಿಸುವ ಕೆಲಸ ಶುರುವಾಯಿತು. ಎಂಜಿನ್ನಿನೊಳಗೆ ಮರಳು ಸುರಿದರು. ಉಪಕರಣಗಳನ್ನು ಒಡೆದರು. ಲಾರಿ ಗುದ್ದಿಸಿ ಮೈ ಜಜ್ಜಿದರು. ನಮ್ಮ ಕೆಎಚ್ 191 ಕೂಡ ಆ ಸಾಲಿನಲ್ಲಿತ್ತು. ಕಾಗದದ ಮೇಲೆ ಅವೆಲ್ಲ ಅಲ್ಲಿಗೆ ಮುಗಿದವು.

ಎರಡು ವರ್ಷ ಮಳೆ ಬಿಸಿಲಿಗೆ ಬಿದ್ದಿದ್ದ ಆ ಗುಜರಿಯ ಕಡೆ ಮತ್ತೆ ಯಾರಾದರೂ ತಿರುಗಿ ನೋಡಿದ್ದು ಕಾಶ್ಮೀರದ ಯುದ್ಧದ ದೆಸೆಯಿಂದ. ದೇಶ ಇಬ್ಭಾಗವಾದಾಗ ವಾಯುಪಡೆಯೂ ಇಬ್ಭಾಗವಾಗಿತ್ತು. ಭಾರತದ ಪಾಲಿಗೆ ಭಾರಿ ಬಾಂಬರ್ ಒಂದೂ ಇರಲಿಲ್ಲ. ಪೂಂಚ್ ಸುತ್ತಮುತ್ತ ಸಾಮಾನು ಸಾಗಿಸುವ ಡಕೋಟಾ ವಿಮಾನದ ಬಾಗಿಲಿನಿಂದ ಬಾಂಬುಗಳನ್ನು ಕೈಯಲ್ಲಿ ಉರುಳಿಸಿ ಕೆಡವುವ ಪರಿಸ್ಥಿತಿ. ಹೊಸ ಬಾಂಬರ್ ಕೊಳ್ಳಲು ಹಣವೂ ಇಲ್ಲ, ಕಾಯಲು ಸಮಯವೂ ಇಲ್ಲ. ಹಾಗಾಗಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ಗೆ ಕರೆ ಹೋಯಿತು: ಕಾನ್ಪುರದ ಹೆಣಗಳಲ್ಲಿ ಎಷ್ಟಕ್ಕೆ ಜೀವ ಬರಿಸಬಹುದು ನೋಡಿ.

ಎಚ್‌ಎಎಲ್‌ಗೇ ಯಾಕೆ ಎಂಬುದಕ್ಕೆ ಒಂದು ಹಿನ್ನೆಲೆಯಿದೆ. ಅದು ಬರೀ 'ದೇಶಪ್ರೇಮದ ಪವಾಡ' ಎಂದು ಹೇಳಿ ಮುಗಿಸುವಂಥದ್ದಲ್ಲ. ವಾಲ್ಚಂದ್ ಹಿರಾಚಂದ್ ಮೈಸೂರು ಸಂಸ್ಥಾನದ ಬೆಂಬಲದೊಂದಿಗೆ 1940ರ ಡಿಸೆಂಬರ್‌ನಲ್ಲಿ ಈ ಕಾರ್ಖಾನೆ ಶುರು ಮಾಡಿದ್ದು ವಿಮಾನ ತಯಾರಿಸಲೆಂದು. ಒಂದಿಷ್ಟು ವಿಮಾನಗಳನ್ನು ಜೋಡಿಸಿದ್ದೂ ಆಯಿತು. ಆದರೆ ಜಪಾನ್ ಬರ್ಮಾದವರೆಗೆ ಬಂದು ನಿಂತಾಗ ಲೆಕ್ಕಾಚಾರ ಬದಲಾಯಿತು. 1942ರಲ್ಲಿ ಸರಕಾರ ವಾಲ್ಚಂದರ ಪಾಲನ್ನು ಕೊಂಡುಕೊಂಡಿತು, 1943ರಲ್ಲಿ ಆಡಳಿತ ಅಮೆರಿಕನ್ ಸೇನೆಯ ಕೈಗೆ ಹೋಯಿತು. ಕಾರ್ಖಾನೆ ದೊಡ್ಡ ರಿಪೇರಿ ಡಿಪೋ ಆಯಿತು. ಡಕೋಟಾಗಳು, ಬಿ-25 ಬಾಂಬರುಗಳು ಬಂದವು. ನೀರಿನ ಮೇಲೆ ಇಳಿಯುವ ಕ್ಯಾಟಲಿನಾ ವಿಮಾನಗಳು ಬಂದಾಗ ಅವನ್ನು ಇಳಿಸಿದ್ದು ಎಲ್ಲಿ ಗೊತ್ತೆ? ಬೆಳ್ಳಂದೂರು ಕೆರೆಯಲ್ಲಿ. ಅಲ್ಲಿಂದ ದಡಕ್ಕೆಳೆದು ಕಾರ್ಖಾನೆಗೆ ಒಯ್ಯುತ್ತಿದ್ದರು. ನಮ್ಮಲ್ಲಿ ಅನೇಕರು ಆ ಕೆರೆಯ ಪಕ್ಕದ ಟ್ರಾಫಿಕ್ಕಿನಲ್ಲಿ ಕೂತು ನೊರೆಯನ್ನು ನೋಡಿ ಊರು ಬಿಟ್ಟವರೇ.

ಈ ಮೂರು ವರ್ಷಗಳಲ್ಲಿ ಬೆಂಗಳೂರಿನ ಸುತ್ತಲಿನ ಸಾವಿರಾರು ಜನ ಅಮೆರಿಕನ್ ವಿಮಾನವನ್ನು ಬಿಚ್ಚುವುದು, ತೊಳೆಯುವುದು, ಅಳೆಯುವುದು, ಮತ್ತೆ ಕೂಡಿಸುವುದು ಕಲಿತರು. ಯುದ್ಧ ಮುಗಿದ ಮೇಲೆ ಅದೇ ಜನ ಹರಾಜಿನಲ್ಲಿ ಸಿಕ್ಕ ಸೇನೆಯ ಡಕೋಟಾಗಳನ್ನು ಪ್ರಯಾಣಿಕರ ವಿಮಾನಗಳಾಗಿ ಬದಲಾಯಿಸಿ ಹೊಸ ಏರ್‌ಲೈನ್ ಕಂಪನಿಗಳಿಗೆ ಕೊಡುತ್ತಿದ್ದರು. ಇಲ್ಲಿ ಒಂದು ತಾಂತ್ರಿಕ ಸಂಗತಿ ಮುಖ್ಯ. ಡಕೋಟಾ, ಕ್ಯಾಟಲಿನಾ, ಲಿಬರೇಟರ್ ಮೂರರಲ್ಲೂ ಇದ್ದದ್ದು ಒಂದೇ ಕುಟುಂಬದ ಎಂಜಿನ್: ಪ್ರಾಟ್ ಅಂಡ್ ವಿಟ್ನಿ ಕಂಪನಿಯ ಟ್ವಿನ್ ವಾಸ್ಪ್. ನಕ್ಷತ್ರದ ಹಾಗೆ ಸುತ್ತ ಜೋಡಿಸಿದ 14 ಸಿಲಿಂಡರು, ಸುಮಾರು 1,200 ಅಶ್ವಶಕ್ತಿ. ಲಿಬರೇಟರಿನಲ್ಲಿ ಎತ್ತರದ ಹಾರಾಟಕ್ಕಾಗಿ ಟರ್ಬೋ ಸೇರಿಸಿರುತ್ತಾರೆ ಎಂಬ ವ್ಯತ್ಯಾಸ ಬಿಟ್ಟರೆ, ಎಂಜಿನ್ನಿನ ಒಳಗಿನ ಪರಿಚಯ ಈ ಮೆಕ್ಯಾನಿಕ್‌ಗಳಿಗೆ ಮೊದಲೇ ಇತ್ತು. ಮರಳು ತುಂಬಿದ ಎಂಜಿನ್ ಅವರಿಗೆ ರಹಸ್ಯವಲ್ಲ, ಹೊಲಸಾದ ಎಂಜಿನ್ ಅಷ್ಟೆ.

ಆದರೂ ಕೆಲಸ ಸುಲಭದ್ದಾಗಿರಲಿಲ್ಲ. ಒಂದರ ಬಾಲ ಸರಿಯಿದ್ದರೆ ಇನ್ನೊಂದರ ಚಕ್ರ ಸರಿಯಿತ್ತು. ಹತ್ತು ಹೆಣಗಳಿಂದ ಅಂಗಗಳನ್ನು ಕಿತ್ತು ಕೆಲವಕ್ಕೆ ಜೀವ ಕೊಡಬೇಕು. ಅದೂ ಕಾನ್ಪುರದಲ್ಲಿ ಪೂರ್ತಿ ರಿಪೇರಿಯಲ್ಲ, ಒಂದೇ ಒಂದು ಹಾರಾಟಕ್ಕೆ ಸಾಕಾಗುವಷ್ಟು ಮಾತ್ರ. ಆ ಒಂದು ಹಾರಾಟ ಕಾನ್ಪುರದಿಂದ ಬೆಂಗಳೂರಿಗೆ, ಸುಮಾರು 1,500 ಕಿ.ಮೀ. ಪೂರ್ತಿ ಓವರ್‌ಹಾಲ್ ಬೆಂಗಳೂರಿನಲ್ಲಿ. ಎಚ್‌ಎಎಲ್‌ನ ಮುಖ್ಯ ಪರೀಕ್ಷಾ ಪೈಲಟ್ ಜಮ್ಶೆಡ್ ಮುನ್ಶಿ ಅವುಗಳನ್ನು ಒಂದೊಂದಾಗಿ ಹಾರಿಸಿಕೊಂಡು ತಂದರು. ಯಾವನೋ ಬೇಕೆಂದೇ ಕೆಡಿಸಿದ, ಇನ್ಯಾವನೋ ತೇಪೆ ಹಾಕಿದ ನಾಲ್ಕೆಂಜಿನ್ ವಿಮಾನದಲ್ಲಿ ಕೂತು ವಿಂಧ್ಯ ದಾಟಿ ಬರುವುದು, ಮತ್ತೆ ಕಾನ್ಪುರಕ್ಕೆ ಹೋಗಿ ಇನ್ನೊಂದರಲ್ಲಿ ಕೂರುವುದು. ಸಾಫ್ಟ್‌ವೇರ್‌ನಲ್ಲಿ ಪ್ರೊಡಕ್ಷನ್‌ಗೆ ಹೋಗುವ ಮುನ್ನ ನೂರು ಸಲ ಟೆಸ್ಟ್ ಮಾಡಿಯೂ ಶುಕ್ರವಾರ ಸಂಜೆ ರಿಲೀಸ್ ಬೇಡ ಎನ್ನುವವನು ನಾನು. ನನಗೆ ಇದನ್ನು ಊಹಿಸಿಕೊಂಡರೇ ಬೆವರುತ್ತದೆ. ಇದೇ ಮುನ್ಶಿ 1951ರ ಆಗಸ್ಟ್‌ನಲ್ಲಿ ಎಚ್‌ಎಎಲ್‌ನ ಸ್ವಂತ ವಿನ್ಯಾಸದ ಎಚ್‌ಟಿ-2 ತರಬೇತಿ ವಿಮಾನವನ್ನು ಮೊದಲ ಸಲ ಹಾರಿಸಿದರು. ಎಚ್‌ಟಿ-2 ಪಠ್ಯಪುಸ್ತಕಕ್ಕೆ ಬರುತ್ತದೆ, ಅದರ ವಿನ್ಯಾಸಕಾರ ಘಾಟಗೆಯವರ ಹೆಸರೂ ಬರುತ್ತದೆ. ಲಿಬರೇಟರ್ ಬರುವುದಿಲ್ಲ. ಹೊಸದು ಕಟ್ಟಿದರೆ ಇತಿಹಾಸ, ಹಳೆಯದನ್ನು ಉಳಿಸಿದರೆ ಮೇಂಟೆನೆನ್ಸ್. ನಮ್ಮ ವೃತ್ತಿಯಲ್ಲೂ ಇದೇ ಜಾತಿಪದ್ಧತಿ ಇದೆ, ವಿವರಿಸಬೇಕಾಗಿಲ್ಲ.

1948ರ ನವೆಂಬರ್‌ನಲ್ಲಿ ಭಾರತೀಯ ವಾಯುಪಡೆಯ 5ನೇ ಸ್ಕ್ವಾಡ್ರನ್ ಈ ಪುನರ್ಜನ್ಮ ಪಡೆದ ವಿಮಾನಗಳೊಂದಿಗೆ ಕಾನ್ಪುರದಲ್ಲೇ ಆರಂಭವಾಯಿತು. ಯಾವ ಊರಿನಲ್ಲಿ ಕೆಡಿಸಿದ್ದರೋ ಅದೇ ಊರಿಗೆ ವಾಪಸ್ಸು. ಅಷ್ಟರಲ್ಲಿ ಕಾಶ್ಮೀರದಲ್ಲಿ ಕದನವಿರಾಮಕ್ಕೆ ಎರಡೇ ತಿಂಗಳು ಉಳಿದಿತ್ತು. ಎಚ್‌ಎಎಲ್ ಒಟ್ಟು ನಲವತ್ತರ ಆಸುಪಾಸಿನಷ್ಟು ಲಿಬರೇಟರುಗಳನ್ನು ಎಬ್ಬಿಸಿ ನಿಲ್ಲಿಸಿತು. ಬಾಂಬರ್ ಆಗಿ ಅವುಗಳ ಕೆಲಸ 1957ರಲ್ಲಿ ಜೆಟ್ ಎಂಜಿನ್ನಿನ ಕ್ಯಾನ್ಬೆರಾ ಬರುವವರೆಗೆ. ಆಮೇಲೆ ನಿಜವಾದ ಕೆಲಸ ಮಾಡಿದ್ದು ಇನ್ನೊಂದು ಸ್ಕ್ವಾಡ್ರನ್.

ಆ 6ನೇ ಸ್ಕ್ವಾಡ್ರನ್ 1951ರ ಜನವರಿಯಲ್ಲಿ ಪುಣೆಯಲ್ಲಿ ಲಿಬರೇಟರುಗಳೊಂದಿಗೆ ಮತ್ತೆ ಕಟ್ಟಲ್ಪಟ್ಟಿತ್ತು. ಕೆಲಸ ಸಮುದ್ರ ಕಾಯುವುದು. ಇದು ಕೊಚ್ಚಿಯಲ್ಲಿರುವ ನಮಗೆ ಸಂಬಂಧಪಟ್ಟ ಭಾಗ. ಭಾರತೀಯ ನೌಕಾಪಡೆಯ ವಿಮಾನ ವಿಭಾಗ ಹುಟ್ಟಿದ್ದೇ ಇಲ್ಲಿ. ವಿಲ್ಲಿಂಗ್ಡನ್ ದ್ವೀಪದ ಐಎನ್‌ಎಸ್ ಗರುಡ 1953ರ ಮೇ 11ರಂದು ಸೇವೆಗೆ ಬಂತು. ಆದರೆ ಆಗ ಅಲ್ಲಿದ್ದದ್ದು ನೀರಿನ ಮೇಲೂ ನೆಲದ ಮೇಲೂ ಇಳಿಯುವ ಸೀಲ್ಯಾಂಡ್ ಎಂಬ ಪುಟ್ಟ ವಿಮಾನಗಳು, ಸ್ವಲ್ಪ ಕಾಲದ ಮೇಲೆ ಫಿರಂಗಿಗಳಿಗೆ ಗುರಿ ಎಳೆದುಕೊಂಡು ಹೋಗುವ ಫೈರ್‌ಫ್ಲೈಗಳು. ಫೋರ್ಟ್ ಕೊಚ್ಚಿಯಲ್ಲಿ ಚೀನಾ ಬಲೆಗಳ ಹತ್ತಿರ ನಿಂತು ನೋಡಿದರೆ ಕಾಣುವ ದಿಗಂತದಿಂದಾಚೆ, ಲಕ್ಷದ್ವೀಪವನ್ನೂ ದಾಟಿ ದೂರ ಹೋಗಿ ನೋಡಿಕೊಂಡು ಬರುವ ವಿಮಾನ ನೌಕಾಪಡೆಯ ಬಳಿ ಇರಲಿಲ್ಲ. ಅದು ಇದ್ದದ್ದು ವಾಯುಪಡೆಯ ಬಳಿ, ಮತ್ತು ಅದು ಬೆಂಗಳೂರಿನಲ್ಲಿ ರಿಪೇರಿಯಾದ ಗುಜರಿ.

ಸಮುದ್ರ ಕಾಯುವ ವಿಮಾನ ಯಾರದ್ದಾಗಬೇಕು ಎಂಬ ಜಗಳ ಎರಡು ಪಡೆಗಳ ನಡುವೆ ಬಹುಕಾಲ ನಡೆಯಿತು. 1960ರ ದಶಕದ ಆರಂಭದಲ್ಲಿ ಏರ್ ಇಂಡಿಯಾ ಕೈಬಿಟ್ಟ ಸೂಪರ್ ಕಾನ್‌ಸ್ಟೆಲೇಷನ್ ವಿಮಾನಗಳು ಲಿಬರೇಟರಿನ ಜೊತೆಗೆ 6ನೇ ಸ್ಕ್ವಾಡ್ರನ್ ಸೇರಿದವು. 1976ರಲ್ಲಿ ಆ ಕಾನ್‌ಸ್ಟೆಲೇಷನ್‌ಗಳೂ ಜವಾಬ್ದಾರಿಯೂ ನೌಕಾಪಡೆಗೆ ಹೋದವು. ವಾಯುಪಡೆ ದಕ್ಷಿಣದ ಸಮುದ್ರವನ್ನೇನೂ ಪೂರ್ತಿ ಬಿಟ್ಟುಕೊಡಲಿಲ್ಲ. 1984ರಲ್ಲಿ ತಿರುವನಂತಪುರದಲ್ಲಿ ದಕ್ಷಿಣ ವಾಯು ಕಮಾಂಡ್ ಸ್ಥಾಪನೆಯಾದದ್ದು ಪರ್ಯಾಯ ದ್ವೀಪ ಮತ್ತು ಅದರ ಸುತ್ತಲಿನ ಸಮುದ್ರವನ್ನು ನೋಡಿಕೊಳ್ಳಲೆಂದೇ. ಲಿಬರೇಟರುಗಳು ಆ ಜಗಳದ ತೀರ್ಪು ಬರುವವರೆಗೆ ಕಾಯಲಿಲ್ಲ. 1968ರ ಕೊನೆಗೆ ಅವು ನಿವೃತ್ತವಾದವು. ಬೇರೆ ದೇಶಗಳ ಸೇನೆಗಳು ಬಿಟ್ಟು ಎಷ್ಟೋ ಕಾಲವಾದ ಮೇಲೂ, ಜಗತ್ತಿನಲ್ಲಿ ಕೊನೆಯ ಸೈನಿಕ ಲಿಬರೇಟರುಗಳು ಹಾರುತ್ತಿದ್ದದ್ದು ಇಲ್ಲಿ.

ಇದು ಹೊರಗಿನವರಿಗೆ ಗೊತ್ತಾದಾಗ ಒಂದು ಸಣ್ಣ ನೂಕುನುಗ್ಗಲು ಶುರುವಾಯಿತು. ಅಮೆರಿಕದಲ್ಲಿ 18,000 ವಿಮಾನಗಳಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ಕರಗಿಸಿ ಅಲ್ಯೂಮಿನಿಯಂ ಮಾಡಿದ್ದರು. ಮ್ಯೂಸಿಯಂಗಳು ಒಂದು ಲಿಬರೇಟರ್ ಬೇಕೆಂದು ಹುಡುಕಿದಾಗ ಸಿಕ್ಕ ಜಾಗ ಭಾರತ. ಕೆನಡಾ 1968ರಲ್ಲಿ ಒಂದನ್ನು ಒಯ್ದಿತು. ಆ ವ್ಯವಹಾರದಲ್ಲಿ ದುಡ್ಡಿನ ಬದಲು ವಸ್ತು ವಿನಿಮಯ ನಡೆಯಿತು: ನಮಗೆ ಒಂದು ಲೈಸ್ಯಾಂಡರ್ ವಿಮಾನ ಬಂತು, ಅವರಿಗೆ ಲಿಬರೇಟರ್ ಹೋಯಿತು. ಭಾರತೀಯ ವಾಯುಪಡೆಯ ಮೊದಲ ದಿನಗಳ ವಿಮಾನವಾದ ಲೈಸ್ಯಾಂಡರ್ ನಮ್ಮಲ್ಲಿ ಒಂದೂ ಉಳಿದಿರಲಿಲ್ಲ. ಲಿಬರೇಟರ್ ಬೇಕಾದಷ್ಟಿತ್ತು. ಇಬ್ಬರಿಗೂ ಲಾಭದ ವ್ಯಾಪಾರ. 1969ರಲ್ಲಿ ಇನ್ನೊಂದು ಭಾರತದಿಂದ ಹಾರಿಕೊಂಡೇ ಅರಿಜೋನಾದ ಟೂಸಾನ್ ತಲುಪಿತು. ಈಗ ಅಲ್ಲಿನ ಪೀಮಾ ಮ್ಯೂಸಿಯಂನಲ್ಲಿದೆ. 1974ರಲ್ಲಿ ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್ ಮ್ಯೂಸಿಯಂಗೆ ಭಾರತ ಒಂದನ್ನು ಉಡುಗೊರೆಯಾಗಿ ಕೊಟ್ಟಿತು. ಕೋಕೋಸ್ ದ್ವೀಪದಿಂದ 99ನೇ ಸ್ಕ್ವಾಡ್ರನ್ ಪರವಾಗಿ ಹಾರಿದ್ದ ಕೆಎನ್ 751 ಅದು. ಬ್ರಿಟಿಷರು ಕೆಡಿಸಿ ಎಸೆದದ್ದನ್ನು ನಾವು ಸರಿಮಾಡಿ, ಕಾಲು ಶತಮಾನ ಬಳಸಿ, ಮತ್ತೆ ಅವರಿಗೇ ಉಚಿತವಾಗಿ ಕೊಟ್ಟೆವು! ಇನ್ನೊಂದು ಅದೇ ಎಪ್ಪತ್ತರ ದಶಕದಲ್ಲಿ ಅಮೆರಿಕಕ್ಕೆ ಹೋಗಿ, ಕೈ ಬದಲಾಯಿಸಿ, ಫ್ಲಾರಿಡಾದ ಕರ್ಮಿಟ್ ವೀಕ್ಸ್ ಎಂಬ ಸಂಗ್ರಹಕಾರನ ಪಾಲಾಯಿತು. ಇಂದು ಜಗತ್ತಿನಲ್ಲಿ ಪೂರ್ತಿ ಮೈಯಲ್ಲಿ ಉಳಿದಿರುವ ಲಿಬರೇಟರುಗಳು ಬೆರಳೆಣಿಕೆಯಷ್ಟು, ಹದಿನೈದರೊಳಗೆ. ಅವುಗಳಲ್ಲಿ ಸುಮಾರು ಅರ್ಧ ಎಚ್‌ಎಎಲ್‌ನ ಕೈ ದಾಟಿ ಹೋದವು.

ನಮ್ಮ 44-44052 ಮಾತ್ರ ಈ ನೂಕುನುಗ್ಗಲಿನಲ್ಲಿ ಯಾರ ಕಣ್ಣಿಗೂ ಬೀಳದೆ 13 ವರ್ಷ ಭಾರತದಲ್ಲೇ ಬಿದ್ದಿತ್ತು. 1981ರಲ್ಲಿ ಬ್ರಿಟನ್ನಿನ ಸಂಗ್ರಹಕಾರ ಡಗ್ ಆರ್ನಲ್ಡ್ ಅದನ್ನು ಪಡೆದ. ಬಿಚ್ಚಿ, ಹೆವಿಲಿಫ್ಟ್ ಕಂಪನಿಯ ಸರಕು ವಿಮಾನದ ಹೊಟ್ಟೆಯಲ್ಲಿ ತುಂಬಿಸಿ 1982ರಲ್ಲಿ ಇಂಗ್ಲೆಂಡಿಗೆ ಒಯ್ದ. ಆದರೆ ರಿಪೇರಿ ಮಾಡಿಸಲಿಲ್ಲ, 1984ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ರಾಬರ್ಟ್ ಕಾಲಿಂಗ್ಸ್‌ಗೆ ಮಾರಿದ. ಈ ಸಲ ಪ್ರಯಾಣ ಹಡಗಿನಲ್ಲಿ, ಬಾಸ್ಟನ್‌ಗೆ. ಕಾಲಿಂಗ್ಸ್‌ಗೆ ಮೊದಲು ಇದ್ದದ್ದು ನಿಲ್ಲಿಸಿ ತೋರಿಸುವ ಯೋಚನೆ ಮಾತ್ರ. ಹಳೆಯ ಲಿಬರೇಟರ್ ಯೋಧರು ಇದು ಹಾರಲೇಬೇಕು ಎಂದು ಒತ್ತಾಯಿಸಿದ್ದರಿಂದ ಮನಸ್ಸು ಬದಲಾಯಿತು. ಫ್ಲಾರಿಡಾದ ಕಿಸಿಮಿಯಲ್ಲಿ ಟಾಮ್ ರೈಲಿಯ ವರ್ಕ್‌ಶಾಪಿನಲ್ಲಿ ಮತ್ತೊಮ್ಮೆ ಪೂರ್ತಿ ಬಿಚ್ಚಿ ಕಟ್ಟಿದರು.

ಹೀಗೆ ಎದ್ದದ್ದು 'ಆಲ್ ಅಮೆರಿಕನ್'. ಆ ಹೆಸರಿನ ಅಸಲಿ ವಿಮಾನ ಬೇರೆ ಇತ್ತು. 1944ರ ಜುಲೈಯಲ್ಲಿ ಯೂರೋಪಿನ ಒಂದೇ ದಾಳಿಯಲ್ಲಿ 14 ಜರ್ಮನ್ ಯುದ್ಧವಿಮಾನಗಳನ್ನು ಅದರ ಸಿಬ್ಬಂದಿ ಹೊಡೆದುರುಳಿಸಿದ್ದರು. ಅದರ ಗೌರವಾರ್ಥ ಈ ಬಣ್ಣ. 1998ರಲ್ಲಿ ಬಣ್ಣ ಬದಲಾಯಿಸಿ 'ದ ಡ್ರ್ಯಾಗನ್ ಅಂಡ್ ಹಿಸ್ ಟೇಲ್' ಮಾಡಿದರು. ಅದರ ಅಸಲಿ ವಿಮಾನ ಪೆಸಿಫಿಕ್‌ನಲ್ಲಿ ಹೋರಾಡಿ ಅರಿಜೋನಾದ ಕಿಂಗ್‌ಮನ್‌ನಲ್ಲಿ ಗುಜರಿಯಾಗಿತ್ತು. 2005ರಲ್ಲಿ 'ವಿಚ್‌ಕ್ರಾಫ್ಟ್' ಆಯಿತು. ಆ ಹೆಸರಿನದ್ದು ಇಂಗ್ಲೆಂಡಿನಿಂದ 130 ದಾಳಿಗಳಿಗೆ ಹೋಗಿ ಬಂದ ವಿಮಾನ. ಮೂರೂ ದೊಡ್ಡ ಕತೆಗಳೇ, ಆದರೆ ಮೂರೂ ಈ ವಿಮಾನದ ಕತೆಗಳಲ್ಲ. ನಡುವೆ ಒಂದು ತಮಾಷೆ: ಭಾರತದ 6ನೇ ಸ್ಕ್ವಾಡ್ರನ್ನಿನ ಅಡ್ಡಹೆಸರೂ 'ಡ್ರ್ಯಾಗನ್ಸ್'. ಅವರು ಅದನ್ನು ಯೋಚಿಸಿ ಬರೆದಿದ್ದಲ್ಲ, ಕಾಕತಾಳೀಯ. ಆ ಏಳು ವರ್ಷ ಮಾತ್ರ ಅದರ ಮೈಮೇಲಿನ ಹೆಸರು ಅದರ ಹಳೆಯ ಮನೆಗೆ ಸ್ವಲ್ಪ ಹತ್ತಿರವಿತ್ತು.

ಕಾಲಿಂಗ್ಸ್ ಪ್ರತಿಷ್ಠಾನ ಏನನ್ನೂ ಮುಚ್ಚಿಟ್ಟಿಲ್ಲ ಎಂಬುದನ್ನು ಹೇಳಬೇಕು. ಅವರು ಹೇಳುವ ವಿಮಾನದ ಇತಿಹಾಸದಲ್ಲಿ ಬ್ರಿಟನ್ನೂ ಇದೆ, ಭಾರತವೂ ಇದೆ. ಆದರೆ ಭಾರತದ 20 ವರ್ಷದ ಸೇವೆಗೆ ಸಿಗುವುದು ಒಂದೆರಡು ವಾಕ್ಯ. ಒಂದು ಲೆಕ್ಕದಲ್ಲಿ ಅದು ಅವರ ತಪ್ಪಲ್ಲ. ವಿಮಾನ ನಡೆಸಲು ದುಡ್ಡು ಕೊಡುವವರು ಅಮೆರಿಕನ್ನರು, ನೋಡಲು ಬರುವವರು ತಮ್ಮ ಅಜ್ಜನ ವಿಮಾನವನ್ನು ಹುಡುಕಿಕೊಂಡು ಬರುತ್ತಾರೆ. ಪುಣೆಯಿಂದ ಹೊರಟು ಅರಬ್ಬಿ ಸಮುದ್ರದ ಮೇಲೆ ಗಂಟೆಗಟ್ಟಲೆ ಬರೀ ನೀರು ನೋಡಿಕೊಂಡು ಬಂದ ಅಜ್ಜಂದಿರ ಮೊಮ್ಮಕ್ಕಳು ಟಿಕೆಟ್ ಕೊಳ್ಳಲು ಅಲ್ಲಿಲ್ಲ. ಇದ್ದರೂ ಅವರಲ್ಲಿ ಎಷ್ಟು ಜನಕ್ಕೆ ಗೊತ್ತು? ಅಮೆರಿಕದ ಆ ಬೇ ಏರಿಯಾ, ಬಾಸ್ಟನ್ ಕಡೆಯ ನಮ್ಮ ಕನ್ನಡಿಗ ಗೆಳೆಯರು ಮಕ್ಕಳನ್ನು ಕರೆದುಕೊಂಡು ಹೋಗಿ ಇದರ ಮುಂದೆ ಫೋಟೋ ತೆಗೆಸಿಕೊಂಡು ಬಂದಿರಬಹುದು, ಅದು ಬೆಂಗಳೂರಿನ ವಿಮಾನಪುರದ ವಿಮಾನ ಎಂಬ ಸುಳಿವೇ ಇಲ್ಲದೆ. ಪೀಮಾದಲ್ಲಿರುವುದಕ್ಕೂ 'ಬಂಗೇ ಬಕರೂ' ಎಂದು ಹೆಸರು ಬರೆದಿದ್ದಾರೆ. ಬಂಗೇ ಇಂಗ್ಲೆಂಡಿನ ಒಂದು ಊರು, ಆ ವಿಮಾನ ಅಲ್ಲಿಂದ ಎಂದೂ ಯುದ್ಧಕ್ಕೆ ಹೋದದ್ದಲ್ಲ.

2019ರ ಅಕ್ಟೋಬರ್ 2ರಂದು ಕಾಲಿಂಗ್ಸ್ ಪ್ರತಿಷ್ಠಾನದ್ದೇ ಆದ ಬಿ-17 ವಿಮಾನವೊಂದು ಕನೆಕ್ಟಿಕಟ್‌ನ ಬ್ರಾಡ್ಲಿ ನಿಲ್ದಾಣದಲ್ಲಿ ಇಳಿಯುವಾಗ ಅಪಘಾತಕ್ಕೀಡಾಗಿ 7 ಜನ ಸತ್ತರು. ಮುಂದಿನ ಮಾರ್ಚ್‌ನಲ್ಲಿ, ಹಣ ಪಡೆದು ಪ್ರಯಾಣಿಕರನ್ನು ಹಾರಿಸಲು ಪ್ರತಿಷ್ಠಾನಕ್ಕಿದ್ದ ಅನುಮತಿಯನ್ನು ಅಮೆರಿಕದ ವಿಮಾನಯಾನ ಇಲಾಖೆ ಹಿಂತೆಗೆದುಕೊಂಡಿತು. 30 ವರ್ಷ ಊರೂರು ಸುತ್ತಿ ಜನರನ್ನು ಹೊತ್ತು ಹಾರಿದ ಲಿಬರೇಟರಿನ ಆ ಕೆಲಸವೂ ಅದರೊಂದಿಗೆ ನಿಂತಿತು.

ಭಾರತದಲ್ಲಿ ಲಿಬರೇಟರ್ ನೋಡಬೇಕೆಂದರೆ ದೆಹಲಿಯ ಪಾಲಂನಲ್ಲಿರುವ ವಾಯುಪಡೆಯ ಮ್ಯೂಸಿಯಂಗೆ ಹೋಗಬೇಕು. ಅಲ್ಲಿ ಎಚ್‌ಇ 924 ಇದೆ, ಭಾರತೀಯ ವಾಯುಪಡೆಯ ಸ್ವಂತ ಸಂಖ್ಯೆಯಲ್ಲೇ. ಕೆನಡಾದಿಂದ ಬದಲಿಗೆ ಬಂದ ಲೈಸ್ಯಾಂಡರ್ ಕೂಡ ಅದೇ ಮ್ಯೂಸಿಯಂನಲ್ಲಿದೆ.